ಅವಳ ಕೈಗೆ ಪಟ್ಟಿ ಸುತ್ತಿದ್ದು

ರೀ,

ಫಸ್ಟ್ ಶಿಫ್ಟ್‌ಗೆ ಪೀಣ್ಯದ ಫ್ಯಾಕ್ಟರಿಗೆ ಹೊರಟೆ. ಚಿತ್ರಾನ್ನ ಮಾಡಿಟ್ಟಿದೀನಿ. ಅತ್ತೆಗೆ ತಿಂಡಿ ಆದ್ಮೇಲೆ ಬಿಪಿ ಮಾತ್ರೆ ಕೊಡಿ. ಆಗಲೇ ತಗೊಂಡೆ ಅಂತಾರೆ, ನಂಬಬೇಡಿ.

ಬಾಕ್ಸಿಂಗ್ ಬಿಡ್ತೀನಿ ಅಂತ ಪತ್ರ ಬರ್ಕೊಂಡು, ಮೊದಲು ನಿಮಗೇ ತೋರ್ಸೋಣ ಅಂತ ನಿನ್ನೆ ಸಂಜೆ ನಿಮ್ಮ ದಾಸರಹಳ್ಳಿ ಜಿಮ್‌ಗೆ ಬಂದಿದ್ದೆ. ನೀವು ಭಾಗ್ಯಶ್ರೀಗೆ ಗ್ಲೌಸ್ ಹಾಕೋ ಮುಂಚೆ ಕೈಗೆ ಪಟ್ಟಿ ಸುತ್ತುತಾ ಇದ್ರಿ. "ಬಿಗಿ ಆಯ್ತಾ ಪುಟ್ಟಾ?" ಅಂದ್ರಿ. ಹದಿನಾರು ವರ್ಷ ನನ್ನ ಕೈಗೆ ಸುತ್ತಿದೀರ, ಒಂದು ದಿನವೂ ಹಂಗೆ ಕೇಳಿಲ್ಲ. ಬಾಗಿಲಿಂದಲೇ ವಾಪಸ್ ಬಂದೆ.

ಆ ಹುಡುಗಿ ನನ್ನನ್ನ ಸೋಲಿಸಿ ಸ್ಟೇಟ್ ಚಾಂಪಿಯನ್ ಆದಾಗಲೂ ನಂಗೆ ಇಷ್ಟು ಉರೀಲಿಲ್ಲ. ಅವಳಿಗೆ ಇಪ್ಪತ್ತೆರಡು, ನಂಗೆ ಮೂವತ್ತೆಂಟು, ಅದು ಗೊತ್ತಿರೋದೇ. ಆದ್ರೆ ಅವಳಿಗೆ ಕೋಚ್ ಆದವರೂ ನೀವೇ, ನಂಗೆ ಸಾಕು ಮಾಡು ಅಂದವರೂ ನೀವೇ.

ಮನೆಗೆ ಬಂದು ಪತ್ರ ಹರಿದು ಹಾಕ್ದೆ. ಅಸೋಸಿಯೇಷನ್ ಸೆಕ್ರೆಟರಿಗೆ ಫೋನ್ ಮಾಡಿ, ಮುಂದಿನ ತಿಂಗಳು ಅವಳ ಜೊತೆ ಇನ್ನೊಂದ್ಸಲ ಆಡ್ತೀನಿ ಅಂದೆ. ಗೆದ್ರೂ ಸೋತ್ರೂ ಅದೇ ಕೊನೇದು. ಆಮೇಲೆ ನೀವು ಹೇಳಿದ ಹಾಗೆ ಸಾಕು ಮಾಡ್ತೀನಿ.

ಫ್ರಿಜ್ಜಲ್ಲಿರೋ ಆರು ಮೊಟ್ಟೆ ನಂದು. ಅವಳಿಗೆ ಅಂತ ತಗೊಂಡು ಹೋಗ್ಬೇಡಿ.

ನನ್ನ ಕಡೆ ನಿಂತ್ಕೊಳ್ಳಿ ಅಂತ ಕೇಳಲ್ಲ. ರಿಂಗ್‌ನಲ್ಲಿ ಅವಳ ಮೂಲೇಲೇ ನಿಂತ್ಕೊಳ್ಳಿ. ನಾನು ಎಲ್ಲೆಲ್ಲಿ ತಪ್ಪು ಮಾಡ್ತೀನಿ ಅಂತ ಅವಳಿಗೆ ಹೇಳ್ಕೊಡೋಕಾದ್ರೂ, ಮೂರೂ ರೌಂಡ್ ನೀವು ನನ್ನನ್ನೇ ನೋಡ್ಬೇಕಾಗುತ್ತೆ.

ಶಶಿಕಲಾ