ಕೆಂಚನ ರಕ್ತ ಹೇಳಿದ್ದು

ಗಂಗಾವತಿ
೧೨ ನವೆಂಬರ್ ೨೦೨೪

ಪ್ರೀತಿಯ ಅಣ್ಣ ಸಿದ್ದಲಿಂಗೇಶನಿಗೆ,

ನಿನ್ನ ತಂಗಿ ರೂಪಾಳ ನಮಸ್ಕಾರ. ದೀಪಾವಳಿಗೆ ಬರುತ್ತೇನೆಂದವಳು ಬರಲಿಲ್ಲ, ಕಾಗದವನ್ನೂ ಹಾಕಲಿಲ್ಲ; ಸಿಟ್ಟಾಗಬೇಡ. ಗಂಟಲಿನ ಆಪರೇಷನ್ನಿನಲ್ಲಿ ನಿನ್ನ ದನಿ ಹೋದಮೇಲೆ ನಿನ್ನೊಂದಿಗೆ ಫೋನಿನಲ್ಲಿ ಮಾತಾಡುವಂತಿಲ್ಲ, ಮೆಸೇಜಿಗೆ ನೀನು ಉತ್ತರ ಕೊಡುವುದಿಲ್ಲ. ಅದಕ್ಕೇ ಬರೆಯಲು ಕೂತೆ.

ನಮ್ಮ ಪಶುವೈದ್ಯರ ತಂಡ ಎತ್ತುಗಳ ಕೊಂಬಿಗೆ ಬರುವ ಕ್ಯಾನ್ಸರಿನ ಅಧ್ಯಯನದಲ್ಲಿದೆ. ಜೀವಕೋಶದೊಳಗೆ ಆರ್‌ಎನ್‌ಎಯನ್ನು ಕತ್ತರಿಸಿ ಹದಮಾಡುವ ಕಿಣ್ವಗಳಿರುತ್ತವೆ. ಅವು ದೇಹದ ಸ್ವಂತದವು. ದೇಹ ಸಾಮಾನ್ಯವಾಗಿ ಅವುಗಳ ಮೇಲೆ ತಿರುಗಿ ಬೀಳುವುದಿಲ್ಲ. ಆದರೆ ರೋಗವಿರುವ ಕೆಲವು ಎತ್ತುಗಳ ರಕ್ತದಲ್ಲಿ ಆ ಕಿಣ್ವಗಳ ವಿರುದ್ಧವೇ, ಶತ್ರುವನ್ನು ಗುರುತಿಸಿ ಹಿಡಿಯುವ ಪ್ರತಿಕಾಯಗಳು ಸಿಗುತ್ತಿವೆ.

ಹಿಟ್ನಾಳದ ರೈತ ವಿರುಪಣ್ಣನ ಎತ್ತು ಕೆಂಚನನ್ನು ನಾವು ಆರೋಗ್ಯವಂತ ಎತ್ತೆಂದು, ಹೋಲಿಸಿ ನೋಡಲಿಕ್ಕೆ ಆರಿಸಿದ್ದೆವು. ಅದರ ರಕ್ತದಲ್ಲೂ ಪ್ರತಿಕಾಯ ಕಂಡಾಗ ನಾನು ಮತ್ತೆ ಅವನ ಮನೆಗೆ ಹೋದೆ. ವಿರುಪಣ್ಣ ರೇಗಿದ. “ಮೇವು ತಿಂತೈತಿ, ಹೊಲದಾಗ ಗಳೇ ಹೊಡಿತೈತಿ. ಇದಕ್ಕೆಂಥಾ ರೋಗ್ರೀ ಮೇಡಂ?”

ಅವನ ಹೆಂಡತಿ ಮುದಕಮ್ಮ ಒಳಗಿನಿಂದಲೇ ಅಂದಳು: “ತೋರಸಾಕ ಏನಾಗತೈತಿ? ನೋಡ್ರಿ ನೀವು.”

ಕೊಂಬು ಬಡಿದು ನೋಡಿದೆ. ಎಡಗೊಂಬಿನ ಸದ್ದು ಮಂದವಾಗಿತ್ತು. ಬುಡದ ತುಣುಕನ್ನು ಪರೀಕ್ಷಿಸಿದಾಗ ಕ್ಯಾನ್ಸರ್ ಖಚಿತವಾಯಿತು. ಕೊಂಬು ತೆಗೆದೆವು. ಒಂದು ಎತ್ತಿನಿಂದ ಏನೂ ಸಾಬೀತಾಗುವುದಿಲ್ಲ, ನಿಜ. ಆದರೂ ಮೊನ್ನೆ ಹೋದಾಗ ಕೆಂಚ ಬ್ಯಾಂಡೇಜಿನ ತಲೆಯನ್ನು ಅಲ್ಲಾಡಿಸುತ್ತಾ ಜೋಳದ ಸೊಪ್ಪೆ ಮೇಯುತ್ತಿತ್ತು. ಅದರ ಕತ್ತಿನ ಕೆಳಗೆ ಜೋಲುವ ಗಂಗೆದೊಗಲು ಸವರುತ್ತಾ ವಿರುಪಣ್ಣ ಕೇಳಿದ: “ಅದರ ಮೈಗೆ ಮೊದ್ಲ ಗೊತ್ತಾಗಿತ್ತಲ್ರಿ. ಗೊತ್ತಾದ್ರೂ ಯಾಕ ಓಡಸಲಿಲ್ರಿ?”

“ಗೊತ್ತಾದ್ರೂ ಅದೊಂದ ಕೈಲೆ ನೀಗೂದಿಲ್ಲ, ವಿರುಪಣ್ಣ. ನಾವೂ ಕೈ ಹಚ್ಚಬೇಕು,” ಅಂದೆ. ಅವನು ತಲೆಯಾಡಿಸಿದ. ಮುದಕಮ್ಮ ಚಹಾ ಕುಡಿಸದೆ ಬಿಡಲಿಲ್ಲ.

ಅತ್ತಿಗೆ ಅಮೃತಾಗೆ ನನ್ನ ನಮಸ್ಕಾರ. ನಿಮ್ಮ ಮನೆ ತಣ್ಣಗಿರಲಿ, ನೀನು ಹೊಟ್ಟೆ ತುಂಬ ಉಂಡು ನಿದ್ದೆ ಮಾಡುವಂತಾಗಲಿ ಎಂದು ದಿನಾ ಬೇಡಿಕೊಳ್ಳುವ,

ನಿನ್ನ ತಂಗಿ
ರೂಪಾ

ತಾ.ಕ.: ನಿನ್ನೆ ಅತ್ತಿಗೆ ಫೋನ್ ಮಾಡಿ ಅತ್ತಳು. ನಿನ್ನ ಕುತ್ತಿಗೆಯಲ್ಲಿ ಮತ್ತೆ ಗಂಟು ಕೈಗೆ ಹತ್ತುತ್ತಿದೆಯಂತೆ. ಆಸ್ಪತ್ರೆಗೆ ನಡಿ ಎಂದರೆ, “ದನಿ ಕೊಟ್ಟು ಬಂದೀನಿ, ಇನ್ನೇನ್ ಕೊಡ್ಲಿ?” ಎಂದು ಬರೆದು ತೋರಿಸಿದೆಯಂತೆ. ಅಣ್ಣಾ, ಸೋಮವಾರ ಮುಂಜಾನೆಯ ಬಸ್ಸಿಗೆ ಕುಕನೂರಿಗೆ ಬರುತ್ತೇನೆ. ಡಾಕ್ಟರ ಹತ್ರ ಮಾತಾಡೂದೆಲ್ಲಾ ನಾ ಮಾಡ್ತೀನಿ. ನೀ ನನ್ನ ಬಾಜೂಕ ಕುಂದ್ರು, ಅಷ್ಟ ಸಾಕು.