ಆ ಐದು ಪರ್ಸೆಂಟ್ ಯಾರದು

ನವೆಂಬರ್ 18, ಮಂಗಳವಾರ

ನಮ್ಮ ಟಿಪ್ಪರ್ ಡ್ರೈವರ್ ಅಮರಪ್ಪ ಇವತ್ತು ಒಂದು ಟನ್ ಎಂ-ಸ್ಯಾಂಡ್ ಕೆಳಗಿಳಿಸಿದ ಮೇಲೆಯೇ ಗಾಡಿ ಹೊರಡಿಸಿದರು. ಇದನ್ನು ಹೇಳಿದ್ದು ಗರುಡಾಚಾರ್‌ಪಾಳ್ಯದ ವೇ ಬ್ರಿಡ್ಜಿನಲ್ಲಿ ತೂಕದ ಚೀಟಿ ಕೊಡುವ ಶಾಂಭವಿ. ಲೋಡು ಮಿತಿ ಮೀರಿತ್ತು, ಆದರೆ ದಂಡ ಬೀಳುವಷ್ಟಲ್ಲ.

ಮಾಲೀಕರು ಫೋನಿನಲ್ಲಿ, "ಮಿತಿಗಿಂತ ಐದು ಪರ್ಸೆಂಟ್ ಜಾಸ್ತಿ ಇದ್ರೂ ಬಿಡ್ತಾರೆ ಕಣಯ್ಯ, ಹೊರಡು" ಅಂದರಂತೆ.

"ತಕ್ಕಡಿ ಹೆಚ್ಚುಕಮ್ಮಿ ತೋರಿಸ್ತದಂತ ಬಿಟ್ಟಿದ್ದು ರೀ ಅದು, ಸಾವ್ಕಾರ್ರ. ನಾವು ತುಂಬ್ಕೊಳ್ಳಾಕಲ್ಲ."

"ಹಂಗಾದ್ರೆ ನಾಳೆ ಕೀ ಕೊಟ್ಟು ಹೋಗು."

ಕೆಲಸ ಹೋಗುತ್ತದೆಂದು ಗೊತ್ತಾದ ಮೇಲೂ ಸಲಿಕೆ ಹಿಡಿದ ಮನುಷ್ಯ! ಲೋಡಿಂಗ್ ಚೀಟಿ ಬರೆಯುವ ನಾನು ಹನ್ನೊಂದು ವರ್ಷದಿಂದ ಆ ಐದನ್ನೂ ಸೇರಿಸಿಯೇ ಬರೆಯುತ್ತಿದ್ದೇನೆ. ಅದು ಯಾಕೆ ಇದೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

ಬೆಳಿಗ್ಗೆ ಒಂಬತ್ತಕ್ಕೆ ಅಮರಪ್ಪ ಕೀ ಒಪ್ಪಿಸಬೇಕು. ಇಸಿದುಕೊಳ್ಳಬೇಕಾದವನು ನಾನು.