ಮುಚ್ಚಳ ಎತ್ತಿದವನು

ಮಾರ್ಚ್ ೧೪, ಮಂಗಳವಾರ.

ಮಾಂಸವೆಲ್ಲ ಸುಟ್ಟು ಕರಕಲಾಯಿತು. ತಪ್ಪು ನನ್ನದೇ, ಅದೇ ಹೊಟ್ಟೆ ಉರಿಸೋದು.

ಮಾಂಸಕ್ಕೆ ಹೊಗೆ ಕೊಡುವ ನಮ್ಮ ಹೋಟೆಲಿನ ಇದ್ದಿಲ ಒಲೆಗೆ ತಮ್ಮ ಹೊಸ ಯಂತ್ರ ಕೂರಿಸಿದ್ದಾನೆ. ಒಳಗೆ ಕಾವು ಇಳಿದರೆ ಅದರ ಫ್ಯಾನೇ ಗಾಳಿ ಊದಿ ಕೆಂಡ ಕೆರಳಿಸುತ್ತದೆ. "ನೀನು ಸುಮ್ನೆ ಕೂತಿರು ಅಣ್ಣ" ಅಂದಿದ್ದ. ಇಪ್ಪತ್ತು ವರ್ಷ ಅಂಗೈಯಲ್ಲೇ ಕಾವು ಅಳೆದವನು ಸುಮ್ಮನೆ ಹೇಗೆ ಕೂರಲಿ? ಗಳಿಗೆಗೊಮ್ಮೆ ಮುಚ್ಚಳ ಎತ್ತಿ ನೋಡಿದೆ. ಎತ್ತಿದಾಗೆಲ್ಲ ಕಾವು ಇಳಿಯಿತು, ಫ್ಯಾನು ಇನ್ನಷ್ಟು ಊದಿತು. ಕೊನೆಗೆ ಕೆಂಡ ಯಾರ ಮಾತೂ ಕೇಳಲಿಲ್ಲ.

ತಮ್ಮ ಬೈದಿದ್ದರೆ ತಿರುಗಿ ಬೈಯಬಹುದಿತ್ತು. "ಹೋಗ್ಲಿ ಬಿಡು, ನಾಳೆಯಿಂದ ನೀನು ಬಡಿಸು" ಅಂದ, ಮೆತ್ತಗೆ.

ಹೊರಡುವಾಗ ನೋಡಿದರೆ ಮುಚ್ಚಳಕ್ಕೆ ಬೀಗ. ಅದೇ ಮುಚ್ಚಳದ ಮೇಲೆ ಅವನ ಕೈ ಇಡಿಸಿ, ಕಾವು ನೋಡೋದು ಕಲಿಸಿದವನು ನಾನು.